3 ಹುಲಿ, 15 ಆಡು: ಹಂಪಿ ಕಲ್ಲಿನ ಮೇಲಿನ ಲೆಕ್ಕ

ಹಂಪಿಗೆ ಹೋದವರು ಕಂಬ ನೋಡುತ್ತಾರೆ, ಗೋಪುರ ನೋಡುತ್ತಾರೆ. ಕಾಲ ಕೆಳಗೆ ನೋಡುವವರು ಕಡಿಮೆ. ಮಂಟಪಗಳ ಕಲ್ಲುಹಾಸಿನ ಮೇಲೆ, ಬಂಡೆಗಳ ಮೇಲೆ ಅಲ್ಲಲ್ಲಿ ಆಟದ ಮನೆ ಕೊರೆದಿದ್ದಾರೆ. ಕೆಲವು ಸಾಲುಮನೆ ಆಟದವು, ಕೆಲವು ಆಡು-ಹುಲಿಯವು. ಕೊರೆದವರು ಹೆಸರು ಬರೆದಿಟ್ಟಿಲ್ಲ. ಅರಸರ ಕಾಲದ ಕಾವಲುಗಾರ ಇರಬಹುದು, ಎಷ್ಟೋ ವರ್ಷದ ಮೇಲೆ ಕುರಿ ಬಿಟ್ಟು ನೆರಳಿಗೆ ಕುಂತ ಹುಡುಗನೂ ಇರಬಹುದು.

ಈ ಆಡು-ಹುಲಿ ಆಟದಲ್ಲಿ ಒಂದು ವಿಚಿತ್ರ ಇದೆ. ಚದುರಂಗದಲ್ಲಿ ಇಬ್ಬರಿಗೂ ಒಂದೇ ಸೈನ್ಯ. ಹಳೆಯ ಚದುರಂಗದ ಮಂತ್ರಿ ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ. 15ನೇ ಶತಮಾನದ ಕೊನೆಗೆ ಯುರೋಪಿನವರು ಆ ಜಾಗದ ಕಾಯಿಯನ್ನು ರಾಣಿ ಮಾಡಿ, ಹಲಗೆಯ ಉದ್ದಗಲಕ್ಕೂ ಓಡುವ ಬಲ ಕೊಟ್ಟರು. ಆದರೂ ಯಾರಿಗೂ ಅನ್ಯಾಯ ಆಗಲಿಲ್ಲ, ಯಾಕೆಂದರೆ ಆ ಬಲ ಎರಡೂ ಕಡೆ ಬಂತು. ಆಡು-ಹುಲಿಯಲ್ಲಿ ಹಾಗಿಲ್ಲ. ಒಬ್ಬನ ಕೈಯಲ್ಲಿ 3 ಹುಲಿ, ಇನ್ನೊಬ್ಬನ ಕೈಯಲ್ಲಿ 15 ಆಡು. ಬಲವೇ ಬೇರೆ, ಗುರಿಯೇ ಬೇರೆ. ಇಂಥ ಎರಡು ಪಾಲನ್ನು ಸರಿತೂಗಿಸುವುದು ಹೇಗೆ?

ಮರೆತವರಿಗಾಗಿ ನಿಯಮ ಹೇಳುತ್ತೇವೆ. ಗೆರೆ ಕೂಡುವ ಜಾಗ ಒಟ್ಟು 23. ಹುಲಿ ಮೊದಲೇ ಮೇಲಿನ ತುದಿಯಲ್ಲಿ ಕೂತಿರುತ್ತದೆ. ಆಡಿನವನು ಒಂದೊಂದೇ ಕಲ್ಲು ಇಡುತ್ತಾ ಬರಬೇಕು. 15 ಇಟ್ಟು ಮುಗಿಯುವವರೆಗೆ ಇಟ್ಟ ಆಡನ್ನು ಕದಲಿಸುವಂತಿಲ್ಲ. ಹುಲಿ ಮಾತ್ರ ಮೊದಲಿನಿಂದಲೂ ಓಡಾಡುತ್ತದೆ. ಪಕ್ಕದ ಆಡಿನ ಆಚೆ ನೇರ ಗೆರೆಯಲ್ಲಿ ಮನೆ ಖಾಲಿ ಇದ್ದರೆ ಹಾರಿ ತಿನ್ನುತ್ತದೆ. ಆಡು ತಿನ್ನುವುದಿಲ್ಲ. ಹುಲಿ ಅಲ್ಲಾಡದಂತೆ ಸುತ್ತುಗಟ್ಟಿದರೆ ಆಡಿನವನು ಗೆದ್ದ.

ಹೊಸಬ ಆಡು ಹಿಡಿದರೆ ಆರಂಭದಲ್ಲೇ ಎರಡು ಮೂರು ಆಡು ಹೋಗಿರುತ್ತವೆ. ಆದರೆ ಬೆನ್ನಿಗೆ ಬೆನ್ನು ಕೊಟ್ಟು, ಅಂಚು ಹಿಡಿದು ಕಲ್ಲು ಇಡಲು ಕಲಿತವನ ಹತ್ತಿರ ಆಟದ ಕೊನೆಗೆ ಹುಲಿಗೆ ಉಸಿರಾಡಲು ಜಾಗ ಸಿಗುವುದಿಲ್ಲ. ಮೊದಲು ಹುಲಿಯ ಕಾಲ, ಕೊನೆಗೆ ಆಡಿನ ಕಾಲ. (ನಮ್ಮ ಕಡೆ ಕಾಡಿನಲ್ಲಿ ಈಗ ಹುಲಿ ಇಲ್ಲ. ಕುರಿಹಟ್ಟಿಗೆ ಬರುವುದು ಚಿರತೆ. ಅದಕ್ಕೆ ಈ ನಿಯಮ ಗೊತ್ತಿಲ್ಲ.)

ಮೊದಲು ಬಡವ, ಕೊನೆಗೆ ಬಲಿಷ್ಠ ಎಂಬ ಈ ತಕರಾರು ಅಮೆರಿಕದಲ್ಲೂ 50 ವರ್ಷದಿಂದ ನಡೆದಿದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಮಾಡಿದರು. ಮೇಜಿನ ಸುತ್ತ ಕೂತು ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ. ನಮ್ಮ ಬಯಲಾಟದ ಪಾತ್ರ ಹಂಚಿಕೆ ನೆನಪಿಸಿಕೊಳ್ಳಿ; ವೇಷ ಇಲ್ಲ, ದಾಳ ಇದೆ.

ಮೊದಲಿಗೆ ಇದ್ದದ್ದು ಮೂರೇ ಬಗೆಯ ಪಾತ್ರ: ಕಾದಾಳು, ಮಂತ್ರವಾದಿ, ಪೂಜಾರಿ. ಆಡುತ್ತಾ ಅಂಕ ಕೂಡಿಸಿ ಮೆಟ್ಟಿಲು ಏರಬೇಕು. ಮೊದಲ ಮೆಟ್ಟಿಲಿನ ಮಂತ್ರವಾದಿಗೆ ದಿನಕ್ಕೆ ಒಂದೇ ಮಂತ್ರ, ಒಂದು ಏಟು ಬಿದ್ದರೆ ಸಾವು. ಅದೇ ಮನುಷ್ಯ ಹತ್ತು ಮೆಟ್ಟಿಲು ಏರಿದರೆ ಬೆಂಕಿಯುಂಡೆ ಎಸೆದು ದಂಡನ್ನೇ ಸುಡುತ್ತಾನೆ. ಪಕ್ಕದ ಕಾದಾಳು ಅದೇ ಕತ್ತಿ ಬೀಸುತ್ತಿರುತ್ತಾನೆ. ಇದನ್ನು ತೂಗಿಸಲು ಬೇರೆ ಬೇರೆ ದರ ಇಟ್ಟಿದ್ದರು: ಎರಡನೇ ಮೆಟ್ಟಿಲಿಗೆ ಪೂಜಾರಿಗೆ 1500 ಅಂಕ ಸಾಕು, ಕಾದಾಳಿಗೆ 2000, ಮಂತ್ರವಾದಿಗೆ 2500. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ತಿಂಗಳುಗಟ್ಟಲೆ ಆಡಿದ ಮೇಲೆ ಕಾದಾಳು ಹಿಡಿದವನಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ ಎಂಬ ದೂರು ಉಳಿಯಿತು.

2008ರ ನಾಲ್ಕನೇ ಆವೃತ್ತಿಯಲ್ಲಿ ಎಲ್ಲ ಪಾತ್ರಕ್ಕೂ ಹೆಚ್ಚುಕಡಿಮೆ ಒಂದೇ ಅಚ್ಚಿನ ಶಕ್ತಿ ಹಂಚಿದರು. ಆಗ ಬೇರೆ ದೂರು ಬಂತು: ಕತ್ತಿಯವನೂ ಮಂತ್ರದವನೂ ಒಂದೇ ಥರ ಆದರು! 2014ರಲ್ಲಿ ಮತ್ತೆ ಹಳೆಯ ದಾರಿಯ ಕಡೆ ವಾಲಿದರು. ಸಮ ಮಾಡುವುದು ಬೇರೆ, ಒಂದೇ ಮಾಡುವುದು ಬೇರೆ ಎಂದು ಅವರಿಗೆ ಅರ್ಥವಾಗಲು 40 ವರ್ಷ ಹಿಡಿಯಿತು ಎಂಬುದು ನಮ್ಮ ಅನಿಸಿಕೆ.

ಆಡು-ಹುಲಿಯವರು ಈ ಗೋಜಿಗೆ ಹೋಗಲಿಲ್ಲ. ಹುಲಿಯನ್ನು ಆಡು ಮಾಡಲಿಲ್ಲ, ಆಡಿಗೆ ಹಲ್ಲು ಕೊಡಲಿಲ್ಲ. ಸಂಖ್ಯೆ ತಿರುವಿದರು ಅಷ್ಟೆ. ಎಷ್ಟು ಆಡು ಹೋದರೆ ಹುಲಿ ಗೆದ್ದಂತೆ ಎಂಬುದು ಊರೂರಿಗೂ ಬೇರೆ. ಹುಲಿ ಹಿಡಿದವನು ಪಳಗಿದವನಾದರೆ ಒಂದೆರಡು ಆಡು ಹೆಚ್ಚು ತಿನ್ನಬೇಕು ಎಂದು ಮೊದಲೇ ಮಾತಾಡಿಕೊಂಡರೆ ಆಯಿತು. ಮುಗಿದ ಮೇಲೆ ಪಾಲು ಅದಲು ಬದಲು ಮಾಡಿ ಇನ್ನೊಂದು ಆಟ ಆಡಿದರೆ ತಕರಾರಿಗೆ ಜಾಗವೇ ಇಲ್ಲ.

ನೇಪಾಳದಲ್ಲಿ ಇದೇ ಜಾತಿಯ ಆಟಕ್ಕೆ ಬಾಘ್‌ಚಾಲ್ ಎನ್ನುತ್ತಾರೆ. ಅಲ್ಲಿ 25 ಜಾಗ, 4 ಹುಲಿ, 20 ಆಡು. ಐದು ಆಡು ತಿಂದರೆ ಹುಲಿ ಗೆದ್ದಂತೆ. ಲಿಮ್ ಯೂ ಜಿನ್, ಯುರ್ಗ್ ನೀವರ್ಗೆಲ್ಟ್ ಎಂಬ ಇಬ್ಬರು ವಿದ್ವಾಂಸರು ಕಂಪ್ಯೂಟರಿನಲ್ಲಿ ಅದರ ನಡೆಗಳನ್ನು ಜಾಲಾಡಿದರು. ಇಬ್ಬರೂ ಒಂದೂ ತಪ್ಪು ಮಾಡದೆ ಆಡಿದರೆ ಯಾರೂ ಗೆಲ್ಲುವುದಿಲ್ಲ, ಆಟ ಸಮ ಎಂಬುದು ಅವರಿಗೆ ಸಿಕ್ಕ ಉತ್ತರ. ಅಳತೆಪಟ್ಟಿ, ಗಣಕ ಏನೂ ಇಲ್ಲದವರು ಆಡಿ ಆಡಿಯೇ ಆ ಸಂಖ್ಯೆಗೆ ಬಂದಿದ್ದರು.

ಹಂಪಿ 1986ರಿಂದ ವಿಶ್ವ ಪರಂಪರೆ ತಾಣ. ಅಲ್ಲಿ ಈಗ ಕಲ್ಲಿನ ಮೇಲೆ ಹೊಸದಾಗಿ ಗೆರೆ ಕೊರೆಯುವುದು ಅಪರಾಧ, ಅದು ಸರಿಯೇ. ಹಳೆಯ ಗೆರೆ ಕಾಲು ತಾಗಿ ಸವೆಯುತ್ತಿದೆ. ಗೆರೆಯ ಫೋಟೊ ಆದರೂ ಉಳಿಯುತ್ತದೆ, ಆದರೆ 'ಎಷ್ಟು ಆಡು ಹೋದರೆ ಸೋಲು' ಎಂಬುದು ಕಲ್ಲಿನ ಮೇಲೆ ಇಲ್ಲ. ಅದು ಕಟ್ಟೆ ಮೇಲೆ ಆಡಿದ ಹಿರಿಯರ ತಲೆಯಲ್ಲಿದೆ. ಕಂಪ್ಲಿ, ಸಂಡೂರು, ಕಮಲಾಪುರ, ಆನೆಗೊಂದಿ, ಯಾವ ಊರಾದರೂ ಸರಿ, ನಿಮ್ಮ ಮನೆಯ ಅಜ್ಜ ಅಜ್ಜಿಯನ್ನು ಕೇಳಿ ಆ ಸಂಖ್ಯೆ ನಮಗೆ ಕಳಿಸಿ. ಊರಿನ ಹೆಸರು ಮರೆಯದೆ ಬರೆಯಿರಿ.