ಬ್ರಹ್ಮನ ರಸ: ಕನ್ನಡದ ಅದ್ಭುತ ಕಥನ ಮತ್ತು ಸೃಷ್ಟಿಯ ಬೆರಗು

ಅದ್ಭುತರಸಕ್ಕೆ ವಿಸ್ಮಯ ಸ್ಥಾಯಿಭಾವ, ಹಳದಿ ಬಣ್ಣ, ಬ್ರಹ್ಮ ಅಧಿದೇವತೆ. ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯ ಮಾಡಿಕೊಡುವ ಈ ವ್ಯವಸ್ಥೆಯಲ್ಲಿ ಶೃಂಗಾರ ವಿಷ್ಣುವಿಗೆ ಸೇರುತ್ತದೆ, ರೌದ್ರ ರುದ್ರನಿಗೆ, ಕರುಣ ಯಮನಿಗೆ. ಬೆರಗಿನ ರಸ ಮಾತ್ರ ಸೃಷ್ಟಿಕರ್ತನ ಪಾಲಿಗೆ ಬಂದಿದೆ. ಕಲ್ಪನಾಪ್ರಧಾನವಾದ ಕಥೆಗೂ ಸೃಷ್ಟಿಯ ವಿಸ್ಮಯಕ್ಕೂ ಇರುವ ನಂಟನ್ನು ಭಾರತೀಯ ಕಾವ್ಯಚಿಂತನೆ ಎಷ್ಟು ಮೊದಲೇ ಗುರುತಿಸಿತ್ತು ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಹುಡುಕುವುದು ಕಷ್ಟ.

ಅದ್ಭುತವನ್ನು ಹುಟ್ಟಿಸುವ ಸಂಗತಿಗಳೆಂದು ಅದೇ ಅಧ್ಯಾಯ ಕೊಡುವ ಪಟ್ಟಿ ಇನ್ನೂ ಕುತೂಹಲಕರ. ದಿವ್ಯಜನರ ದರ್ಶನ, ವಿಮಾನ, ಮಾಯೆ, ಇಂದ್ರಜಾಲ ಅದರಲ್ಲಿವೆ. ಜೊತೆಗೆ ಉಪವನಕ್ಕೋ ದೇವಾಲಯಕ್ಕೋ ಹೋಗುವುದು, ಬಹುದಿನ ಬಯಸಿದ್ದು ಕೈಗೂಡುವುದು ಎಂಬ ತೀರ ಸಾಮಾನ್ಯ ಅನುಭವಗಳೂ ಇವೆ. ಇಂದ್ರಜಾಲವನ್ನು ಕಂಡಾಗ ಅರಳುವ ಕಣ್ಣು ತೋಟವನ್ನು ಕಂಡಾಗಲೂ ಹಾಗೆಯೇ ಅರಳುತ್ತದೆ ಎಂಬುದು ಶಾಸ್ತ್ರಕಾರನ ಗ್ರಹಿಕೆ. ಇಲ್ಲದ್ದನ್ನು ಕಲ್ಪಿಸಿಕೊಂಡಾಗಿನ ಬೆರಗು ಒಂದು, ಇರುವುದನ್ನು ನೋಡಿದಾಗಿನ ಬೆರಗು ಇನ್ನೊಂದು ಎಂಬ ವಿಭಾಗ ಅವನಲ್ಲಿ ಇಲ್ಲ. ಇಡೀ ನಾಟಕ ಯಾವ ರಸದಲ್ಲೇ ಸಾಗಿರಲಿ, ಕೊನೆಯ ನಿರ್ವಹಣ ಸಂಧಿಯಲ್ಲಿ ಅದ್ಭುತ ಇರಲೇಬೇಕೆಂದೂ ಅವನು ವಿಧಿಸುತ್ತಾನೆ.

ಮುಂದಿನ ಆಲಂಕಾರಿಕರು ಈ ಎಳೆಯನ್ನು ಕವಿಯತ್ತ ತಿರುಗಿಸಿದರು. 9ನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ಕಾವ್ಯವೆಂಬ ಪಾರವಿಲ್ಲದ ಜಗತ್ತಿಗೆ ಕವಿಯೊಬ್ಬನೇ ಪ್ರಜಾಪತಿ ಎಂದನು. 11ನೆಯ ಶತಮಾನದ ಮಮ್ಮಟ ಕಾವ್ಯಪ್ರಕಾಶದ ಮೊದಲ ಪದ್ಯದಲ್ಲೇ ಎರಡು ಸೃಷ್ಟಿಗಳನ್ನು ಎದುರುಬದುರು ನಿಲ್ಲಿಸುತ್ತಾನೆ. ಬ್ರಹ್ಮನ ಸೃಷ್ಟಿ ನಿಯತಿಗೆ ಒಳಪಟ್ಟದ್ದು, ಅದರಲ್ಲಿ ರಸಗಳು, ಅಂದರೆ ನಾಲಿಗೆಯ ರುಚಿಗಳು, ಆರೇ. ಕವಿಯ ಸೃಷ್ಟಿಗೆ ಆ ಕಟ್ಟಿಲ್ಲ, ಅಲ್ಲಿ ರಸ ಒಂಬತ್ತು. 14ನೆಯ ಶತಮಾನದ ವಿಶ್ವನಾಥ ತನ್ನ ಪೂರ್ವಜ ನಾರಾಯಣನ ಅಭಿಪ್ರಾಯವೆಂದು ಇನ್ನೂ ದಿಟ್ಟವಾದ ಮಾತೊಂದನ್ನು ದಾಖಲಿಸಿದ್ದಾನೆ: ಎಲ್ಲ ರಸಗಳ ಸಾರವೂ ಚಮತ್ಕಾರವೇ ಆದ್ದರಿಂದ ಎಲ್ಲೆಲ್ಲೂ ಇರುವುದು ಅದ್ಭುತವೊಂದೇ.

ಕನ್ನಡದಲ್ಲಿ ಈ ಪ್ರಶ್ನೆ ಬೇರೆಯದೇ ತಿರುವು ಪಡೆಯಿತು. ಹಳಗನ್ನಡದ ದೊಡ್ಡ ಕವಿಗಳಲ್ಲಿ ಬಹುಪಾಲು ಜೈನರು. ಜೈನ ದರ್ಶನದಲ್ಲಿ ಲೋಕ ಅನಾದಿ. ಅದನ್ನು ಯಾರೂ ಸೃಷ್ಟಿಸಿದ್ದಲ್ಲ, ಆದ್ದರಿಂದ ಸೃಷ್ಟಿಕರ್ತನೂ ಇಲ್ಲ. ರಾಷ್ಟ್ರಕೂಟರ ಕಾಲದ ಜಿನಸೇನ ತನ್ನ ಸಂಸ್ಕೃತ ಆದಿಪುರಾಣದಲ್ಲಿ ಜಗತ್ಕರ್ತೃವಾದವನ್ನು ಒಂದೊಂದೇ ತರ್ಕದಿಂದ ಖಂಡಿಸುತ್ತಾನೆ. ಪಂಪ 941ರಲ್ಲಿ ಕನ್ನಡ ಆದಿಪುರಾಣ ಬರೆದದ್ದು ಆ ಕೃತಿಯನ್ನು ಮುಂದಿಟ್ಟುಕೊಂಡು. ಇದೇ ಪರಂಪರೆ ರಾಮಾಯಣದ ಅದ್ಭುತಗಳನ್ನೂ ಪ್ರಶ್ನಿಸಿತು. ವಿಮಲಸೂರಿಯ ಪ್ರಾಕೃತ ಪಉಮಚರಿಯದಿಂದ ಬಂದ ಈ ಹಾದಿಯಲ್ಲಿ ವಾನರರು ಕೋತಿಗಳಲ್ಲ, ಕಪಿಧ್ವಜದ ವಿದ್ಯಾಧರರು. ರಾವಣನಿಗೆ ಇದ್ದದ್ದು ಒಂದೇ ತಲೆ, ಉಳಿದವು ಹಾರದ ಮಣಿಗಳಲ್ಲಿ ಮೂಡಿದ ಮುಖದ ಪ್ರತಿಬಿಂಬಗಳು. ಸುಮಾರು 1100ರಲ್ಲಿ ನಾಗಚಂದ್ರ ರಾಮಚಂದ್ರಚರಿತಪುರಾಣವನ್ನು ಬರೆದದ್ದು ಈ ಸಂಪ್ರದಾಯದಲ್ಲಿಯೇ.

ಸೃಷ್ಟಿಕರ್ತನೇ ಇಲ್ಲದ ಲೋಕದಲ್ಲಿ ಕವಿ ಏನು ಮಾಡುತ್ತಾನೆ? 12ನೆಯ ಶತಮಾನದ ಉತ್ತರಾರ್ಧದ ನೇಮಿಚಂದ್ರನ ಒಂದು ಪ್ರಸಿದ್ಧ ಪದ್ಯ ಇದಕ್ಕೆ ಉತ್ತರದಂತಿದೆ. ಕಪಿಗಳ ಹಿಂಡು ಕಡಲಿಗೆ ಸೇತುವೆ ಕಟ್ಟಿತೋ ಇಲ್ಲವೋ, ವಾಮನನ ಹೆಜ್ಜೆ ಮುಗಿಲನ್ನು ಮುಟ್ಟಿತೋ ಇಲ್ಲವೋ, ನರನೊಬ್ಬ ಹರನ ಗಂಟಲನ್ನು ಮೆಟ್ಟಿದನೋ ಇಲ್ಲವೋ, ಕವಿಗಳಂತೂ ತಮ್ಮ ಕೃತಿಗಳಲ್ಲಿ ಕಟ್ಟಿದರು, ಮುಟ್ಟಿದರು, ಮೆಟ್ಟಿದರು ಎಂಬುದು ಅದರ ಆಶಯ. ಇದನ್ನು ಸಾಮಾನ್ಯವಾಗಿ ಕವಿಪ್ರಶಂಸೆಯೆಂದು ಓದಿ ಮುಂದೆ ಹೋಗುವುದುಂಟು. ಆದರೆ ಕಪಿಸೇತುವೆಯನ್ನು ಪ್ರಶ್ನಿಸಿದ ಧರ್ಮದವನೇ ಈ ಮಾತು ಆಡಿದ್ದಾನೆ ಎಂಬುದನ್ನು ನೆನೆದರೆ ಪದ್ಯದ ತೂಕ ಬದಲಾಗುತ್ತದೆ. ಘಟನೆ ನಡೆಯಿತೇ ಎಂಬ ಪ್ರಶ್ನೆಯನ್ನು ಅವನು ಅಲ್ಲಗಳೆಯುವುದಿಲ್ಲ. ಅದನ್ನು ಅದರ ಪಾಡಿಗೆ ಬಿಟ್ಟು, ಕೃತಿಯೊಳಗಿನ ಸೇತುವೆಗೆ ಬೇರೊಂದು ಬಗೆಯ ಇರವನ್ನು ಕೊಡುತ್ತಾನೆ. ಕಲ್ಪನಾಕಥೆಯನ್ನು ಸುಳ್ಳಿನ ಆರೋಪದಿಂದ ಬಿಡಿಸುವ ವಾದಗಳಲ್ಲಿ ಇಷ್ಟು ಅಡಕವಾದದ್ದು ಮತ್ತೊಂದಿಲ್ಲ. ನೇಮಿಚಂದ್ರ ಅದರಂತೆ ನಡೆದೂ ತೋರಿಸಿದ. ಸುಬಂಧುವಿನ ವಾಸವದತ್ತೆಯ ಜಾಡಿನಲ್ಲಿ ಬರೆದ ಅವನ ಲೀಲಾವತಿಯಲ್ಲಿ ರಾಜಕುಮಾರ ಕಂದರ್ಪದೇವ ಕನಸಿನಲ್ಲಿ ಕಂಡವಳನ್ನು ಅರಸಿ ಹೊರಡುತ್ತಾನೆ.

ಅದಕ್ಕಿಂತ ಎರಡು ಶತಮಾನ ಹಿಂದೆಯೇ ಒಂದನೆಯ ನಾಗವರ್ಮ ಕರ್ಣಾಟಕ ಕಾದಂಬರಿಯನ್ನು ಬರೆದಿದ್ದ. 7ನೆಯ ಶತಮಾನದಲ್ಲಿ ಹರ್ಷನ ಆಸ್ಥಾನದ ಬಾಣ ಬರೆಯುತ್ತ ಅರ್ಧಕ್ಕೆ ಬಿಟ್ಟುಹೋದ, ಮಗ ಪೂರ್ಣಗೊಳಿಸಿದ ಗದ್ಯಕಥೆ ಇಲ್ಲಿ ಚಂಪುವಾಯಿತು. ಶೂದ್ರಕನ ಸಭೆಗೆ ಚಂಡಾಲಕನ್ಯೆಯೊಬ್ಬಳು ಗಿಳಿಯನ್ನು ತರುತ್ತಾಳೆ. ಗಿಳಿ ತನ್ನ ಕಥೆ ಹೇಳುತ್ತದೆ, ಅದರೊಳಗೆ ಜಾಬಾಲಿ ಮುನಿ ಹೇಳಿದ ಕಥೆ, ಅದರೊಳಗೆ ಅಚ್ಛೋದ ಸರಸ್ಸಿನ ತೀರದಲ್ಲಿ ಮಹಾಶ್ವೇತೆ ಹೇಳಿದ ಕಥೆ. ಕೊನೆಗೆ ತಿಳಿಯುವುದೇನೆಂದರೆ ಕೇಳುತ್ತ ಕುಳಿತ ಅರಸನೇ ಹಿಂದಿನ ಜನ್ಮದ ಚಂದ್ರಾಪೀಡ, ಅದಕ್ಕೂ ಹಿಂದೆ ಚಂದ್ರ. ಗಿಳಿಯೇ ವೈಶಂಪಾಯನ, ಅದಕ್ಕೂ ಹಿಂದೆ ಪುಂಡರೀಕ. ಸತ್ತ ಚಂದ್ರಾಪೀಡನ ದೇಹ ಕೆಡದೆ ಉಳಿಯುತ್ತದೆ, ಕಾದಂಬರಿ ಅದನ್ನು ಕಾಯುತ್ತಾಳೆ. ಈ ಕಥೆಯ ಅದ್ಭುತ ಬಿಡಿಬಿಡಿ ಪವಾಡಗಳಲ್ಲಿಲ್ಲ. ಮನುಷ್ಯ, ಹಕ್ಕಿ, ಗಂಧರ್ವ, ಆಕಾಶಕಾಯ ಎಲ್ಲವೂ ಒಂದೇ ಜೀವದ ಹಾದಿಯಲ್ಲಿ ಬರುವ ನಿಲ್ದಾಣಗಳು ಎಂಬ ಕಾಣ್ಕೆಯಲ್ಲಿದೆ. ಮುಂದೆ ಬರುವ ಸೋಜಿಗದ ಕಥೆಗಳಿಗೆಲ್ಲ ಇದು ಮೇಲ್ಪಂಕ್ತಿ. ಪಂಜರದ ಗಿಳಿಗೂ ಒಂದು ಪೂರ್ವಕಥೆಯಿದ್ದೀತೆಂಬ ಎಚ್ಚರವನ್ನು ಅದು ಓದುಗನಲ್ಲಿ ಮೂಡಿಸುತ್ತದೆ.

ಬರಹದ ಹೊರಗೆ, ಅಜ್ಜಿಯರ ಬಾಯಲ್ಲಿ, ಇದೇ ಕಾಣ್ಕೆ ಇನ್ನಷ್ಟು ಮುಗ್ಧವಾಗಿ, ಇನ್ನಷ್ಟು ನಿಷ್ಠುರವಾಗಿ ಉಳಿದುಬಂದಿತು. ಎ. ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ ಮೌಖಿಕ ಕಥೆಗಳ ಇಂಗ್ಲಿಷ್ ಸಂಕಲನ ಅವರ ನಿಧನಾನಂತರ 1997ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಹೊರಬಂತು. ಅದಕ್ಕೆ ಹೆಸರು ಕೊಟ್ಟದ್ದು ಹೂಮರವಾಗುವ ಹುಡುಗಿಯ ಕಥೆ. ಬಡತಾಯಿಗೆ ನೆರವಾಗಲು ಕಿರಿಮಗಳು ಮರವಾಗುತ್ತಾಳೆ. ಅಕ್ಕ ಒಂದು ಬಿಂದಿಗೆ ನೀರು ಸುರಿದರೆ ಮರ, ಹೂ ಕೊಯ್ದ ಮೇಲೆ ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಹುಡುಗಿ. ನೀರಿಗೆ ಉಗುರು ತಾಗಬಾರದು, ಕೀಳುವಾಗ ಮರಕ್ಕೆ ನೋವಾಗಬಾರದು. ಮದುವೆಯಾದ ಮೇಲೆ ನಾದಿನಿ ಆಟಕ್ಕೆಂದು ಇದನ್ನೇ ಮಾಡಿಸುತ್ತಾಳೆ. ಅವಳ ಗೆಳತಿಯರು ಕೊಂಬೆ ಮುರಿಯುತ್ತಾರೆ, ನೀರನ್ನೂ ಸರಿಯಾಗಿ ಸುರಿಯುವುದಿಲ್ಲ. ಹುಡುಗಿ ಕೈಕಾಲಿಲ್ಲದ ಮುದ್ದೆಯಾಗಿ ಉಳಿಯುತ್ತಾಳೆ. ಕೊನೆಗೆ ಗಂಡ ಅವಳನ್ನು ಮತ್ತೆ ಮರವಾಗಿಸಿ, ಮುರಿದ ಕೊಂಬೆಗಳನ್ನು ಜೋಡಿಸಿ, ನೀರೆರೆದು ಮೊದಲಿನಂತೆ ಮಾಡುತ್ತಾನೆ.

ರಾಮಾನುಜನ್ ಇದನ್ನು ಹೆಂಗಸರ ಕಥೆಯೆಂದು, ಹೆಣ್ಣಿನ ದೇಹದ ಸೃಷ್ಟಿಶಕ್ತಿಯ ಮತ್ತು ಅದರ ಮೇಲಾಗುವ ಗಾಯದ ಕಥೆಯೆಂದು ಓದಿದ್ದಾರೆ. ಆ ಓದು ಸರಿಯಾದದ್ದು, ಮತ್ತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವಂಥದ್ದು. ಮಾಯೆ ಇಲ್ಲಿ ಕಟ್ಟುನಿಟ್ಟಿನ ನಿಯಮಕ್ಕೆ ಬದ್ಧವಾಗಿದೆ. ಕವಿಸೃಷ್ಟಿಗೆ ನಿಯಮವಿಲ್ಲವೆಂದ ಮಮ್ಮಟನ ಮಾತು ಈ ಕಥೆಗೆ ಪೂರ್ತಿ ಒಗ್ಗುವುದಿಲ್ಲ. ಹೊರಲೋಕದ ನಿಯತಿ ಇಲ್ಲದಿದ್ದರೂ ಕಥೆಯ ಒಳಗಿನ ಕಟ್ಟುಪಾಡು ಇದ್ದೇ ಇದೆ, ಅದನ್ನು ಮೀರಿದರೆ ಶಿಕ್ಷೆಯೂ ತಪ್ಪದು. ಅಮೆರಿಕದ ಸಂಗೀತ ಸಂಯೋಜಕ ಜಾನ್ ಆಡಮ್ಸ್ 2006ರಲ್ಲಿ ಈ ಕಥೆಯನ್ನು ಒಪೆರಾ ಮಾಡಿ ವಿಯೆನ್ನಾದಲ್ಲಿ ಪ್ರದರ್ಶಿಸಿದಾಗ ಕನ್ನಡದ ಅಡುಗೆಮನೆಯ ಕಥೆಯೊಂದು ಯುರೋಪಿನ ರಂಗಮಂದಿರವನ್ನು ಮುಟ್ಟಿತು.

ಮುದ್ರಣದ ಕಾಲದಲ್ಲಿ ಅದ್ಭುತದ ಸ್ಥಾನ ಕುಗ್ಗಿತು. ನಂದಳಿಕೆಯ ಮುದ್ದಣ 1895ರಲ್ಲಿ ಅದ್ಭುತರಾಮಾಯಣವನ್ನು ಗದ್ಯದಲ್ಲಿ ಪ್ರಕಟಿಸಿದ್ದು ಹಳೆಯ ಜಗತ್ತಿನ ಕಡೆಯ ದೊಡ್ಡ ಕೊಡುಗೆ. ಅದರ ಬೆನ್ನಿಗೆ ಸಾಮಾಜಿಕ ಕಾದಂಬರಿ ಬಂತು. ಬಾಲ್ಯವಿವಾಹ, ವಿಧವೆಯರ ಪಾಡು, ಜಾತಿ, ಸಾಲ ಎಂಬ ತುರ್ತುಗಳ ನಡುವೆ ಗಂಧರ್ವರಿಗೆ ಜಾಗವಿರಲಿಲ್ಲ. ಆ ತುರ್ತು ನ್ಯಾಯವಾದದ್ದೇ. ಆದರೆ ಅದರಿಂದಾಗಿ ಕಲ್ಪನಾಕಥೆ ಮಕ್ಕಳ ಪಾಲಿಗೆ ಹೋಯಿತು. 1947ರಲ್ಲಿ ತೆಲುಗು, ತಮಿಳುಗಳಲ್ಲಿ ಹುಟ್ಟಿ ಬೇಗನೆ ಕನ್ನಡಕ್ಕೂ ಬಂದ ಚಂದಮಾಮ ಬೇತಾಳನನ್ನು ತಿಂಗಳು ತಿಂಗಳು ಮನೆಗೆ ತಂದಿತು. ದೊಡ್ಡವರೂ ಓದುತ್ತಿದ್ದರು, ಸಾಹಿತ್ಯವೆಂದು ಮಾತ್ರ ಎಣಿಸುತ್ತಿರಲಿಲ್ಲ.

ಇದೇ ಹೊತ್ತಿಗೆ ಯುರೋಪಿನಲ್ಲೂ ಅದೇ ಜಗಳ ನಡೆದಿತ್ತು. 1939ರ ಮಾರ್ಚ್ 8ರಂದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಜೆ. ಆರ್. ಆರ್. ಟೋಲ್ಕಿನ್ ಕೊಟ್ಟ ಉಪನ್ಯಾಸ 1947ರಲ್ಲಿ ಪ್ರಬಂಧವಾಗಿ ಅಚ್ಚಾಯಿತು. ಕಿನ್ನರ ಕಥೆಗಳು ಮಕ್ಕಳಿಗಷ್ಟೇ ಎಂಬುದು ಚರಿತ್ರೆಯ ಆಕಸ್ಮಿಕವೆಂದು ಅವರು ವಾದಿಸಿದರು. ಕ್ರೈಸ್ತ ಶ್ರದ್ಧೆಯ ಟೋಲ್ಕಿನ್‌ಗೆ ಮನುಷ್ಯ ತಾನೇ ಸೃಷ್ಟಿಗೊಂಡವನು, ಹಾಗಾಗಿ ಅವನು ಕಟ್ಟುವ ಲೋಕ ದೇವರ ಸೃಷ್ಟಿಯ ಕೆಳಗಿನ ಉಪಸೃಷ್ಟಿ. ಇಲ್ಲಿಯೇ ಅವರಿಗೂ ನೇಮಿಚಂದ್ರನಿಗೂ ಇರುವ ದೂರ ಕಾಣುತ್ತದೆ. ಒಬ್ಬರಿಗೆ ಕವಿ ದೊಡ್ಡ ಕರ್ತೃವಿನ ಕಿರಿಯ ಅನುಯಾಯಿ, ಇನ್ನೊಬ್ಬನ ಲೋಕದಲ್ಲಿ ಕವಿಯ ಮೇಲೆ ಬೇರೆ ಕರ್ತೃವೇ ಇಲ್ಲ. ಆದರೂ ಅದ್ಭುತ ಕಥೆಯ ಪ್ರಯೋಜನದ ವಿಷಯದಲ್ಲಿ ಟೋಲ್ಕಿನ್ ಹೇಳಿದ್ದು ಭರತನ ಪಟ್ಟಿಗೆ ತೀರ ಹತ್ತಿರವಿದೆ. ಬಳಕೆಯಿಂದ ಮಂಕಾದ ಕಲ್ಲು, ಮರ, ರೊಟ್ಟಿ, ಬೆಂಕಿಯಂಥ ವಸ್ತುಗಳನ್ನು ಹೊಸದಾಗಿ ಕಾಣುವ ಕಣ್ಣನ್ನು ಅದು ಮರಳಿ ಕೊಡುತ್ತದೆ ಎಂದು ಅವರು ನಂಬಿದ್ದರು.

ಕನ್ನಡದಲ್ಲಿ ಆ ಮರಳಿಕೆ ರಂಗಭೂಮಿಯಿಂದ ಆರಂಭವಾಯಿತು. ಗಿರೀಶ ಕಾರ್ನಾಡರ ಹಯವದನ 1970ರ ದಶಕದ ಮೊದಲಲ್ಲೇ ತಲೆ ಅದಲುಬದಲಾದ ಇಬ್ಬರನ್ನು ರಂಗಕ್ಕೆ ತಂದಿತು. ರಾಮಾನುಜನ್‌ರಿಂದ ಕೇಳಿದ ಕಥೆಗಳನ್ನು ಆಧರಿಸಿದ 1988ರ ನಾಗಮಂಡಲದಲ್ಲಿ ಕಥೆಯೇ ಪಾತ್ರವಾಯಿತು. ಪಾಳುಗುಡಿಯಲ್ಲಿ ರಾತ್ರಿ ದೀಪದ ಜ್ವಾಲೆಗಳು ಸೇರಿ ಹರಟುತ್ತವೆ. ಹೇಳದೆ ಬಚ್ಚಿಟ್ಟಿದ್ದಕ್ಕೆ ಸಿಟ್ಟಾದ ಕಥೆಯೊಂದು ಹೆಂಗಸಿನ ರೂಪ ತಳೆದು ಅಲ್ಲಿಗೆ ಬರುತ್ತದೆ. ಕಲ್ಪನೆಗೆ ತನ್ನದೇ ಜೀವವಿದೆ, ಹೇಳದಿದ್ದರೆ ಅದು ಸುಮ್ಮನಿರುವುದಿಲ್ಲ ಎಂಬ ಜಾನಪದ ನಂಬಿಕೆ ಹೀಗೆ ಆಧುನಿಕ ನಾಟಕದ ಚೌಕಟ್ಟಾಯಿತು. ಚಂದ್ರಶೇಖರ ಕಂಬಾರರು ಇನ್ನೊಂದು ದಾರಿ ಹಿಡಿದು ಶಿವಾಪುರವೆಂಬ ಊರನ್ನೇ ಕಟ್ಟಿ, ಕೃತಿಯಿಂದ ಕೃತಿಗೆ ಅದನ್ನು ಬೆಳೆಸಿದರು. ಶಿಖರಸೂರ್ಯದಲ್ಲಿ ಕಾಡಿನ ಶಿವಾಪುರಕ್ಕೂ ನಗರ ಕನಕಪುರಿಗೂ ನಡುವೆ ನಡೆಯುವುದು ವಿದ್ಯೆಯ ಕಥೆ: ಜೀವ ಉಳಿಸುವ ಅರಿವು ಅಧಿಕಾರದ ಆಸೆಗೆ ಸಿಕ್ಕಾಗ ಏನಾಗುತ್ತದೆ ಎಂಬುದು. ಸಾಮಾಜಿಕ ವಾಸ್ತವ ಕೇಳಿದ ಪ್ರಶ್ನೆಗಳನ್ನು ಅದ್ಭುತ ಕಥನವೂ ಕೇಳಬಲ್ಲದು ಎಂಬುದಕ್ಕೆ ಈ ಕಾದಂಬರಿ ಗಟ್ಟಿಯಾದ ಸಾಕ್ಷಿ.

ಈ ಚರಿತ್ರೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೊ (1980) ಎಲ್ಲಿ ನಿಲ್ಲುತ್ತದೆ ಎಂಬುದು ಬಿಡಿಸಲೇಬೇಕಾದ ಪ್ರಶ್ನೆ. ಅದರಲ್ಲಿ ಮಾಯೆ ಇಲ್ಲ, ಶಾಪವಿಲ್ಲ. ವಿಜ್ಞಾನಿ ಕರ್ವಾಲೊ, ಕಾಡಿನ ಇಂಚಿಂಚೂ ಬಲ್ಲ ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ ಸೇರಿ ಹಾರುವ ಓತಿಯನ್ನು ಹುಡುಕಿಕೊಂಡು ಪಶ್ಚಿಮಘಟ್ಟದ ಕಾಡಿಗೆ ಹೊರಡುತ್ತಾರೆ. ಹಾರುವ ಓತಿ ನಿಜವಾಗಿಯೂ ಇದೆ. ಉದ್ದವಾಗಿ ಹೊರಚಾಚಿದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮವನ್ನು ರೆಕ್ಕೆಯಂತೆ ಬಿಚ್ಚಿ ಅದು ಮರದಿಂದ ಮರಕ್ಕೆ ತೇಲುತ್ತದೆ. ಆದರೆ ಕಥೆಯ ನಡೆ ಮಾತ್ರ ಹಳೆಯ ಅದ್ಭುತ ಕಥೆಯದೇ: ಅಪೂರ್ವ ವಸ್ತುವೊಂದರ ಸುದ್ದಿ, ಬಗೆಬಗೆಯ ಜೊತೆಗಾರರು, ದುರ್ಗಮ ಪಯಣ, ಕೈಗೆ ಸಿಗದ ದರ್ಶನ. ಕಂದರ್ಪದೇವ ಕನಸಿನ ಹೆಣ್ಣಿಗಾಗಿ ಮಾಡಿದ ಹುಡುಕಾಟವನ್ನು ಇವರು ಕೋಟ್ಯಂತರ ವರ್ಷಗಳ ಜೀವವಿಕಾಸದ ಕೊಂಡಿಯೊಂದಕ್ಕಾಗಿ ಮಾಡುತ್ತಾರೆ. ದೈವವನ್ನು ನೆಚ್ಚದ ವಿಕಾಸವಾದವೂ ಅನಾದಿ ಲೋಕವನ್ನು ನಂಬಿದ ಜೈನ ಕವಿಗಳಂತೆಯೇ ಕರ್ತೃವಿಲ್ಲದ ಜಗತ್ತಿನಲ್ಲಿ ಬೆರಗನ್ನು ಕಂಡಿತು. ಕನ್ನಡದ ವಿಮರ್ಶೆ ಕರ್ವಾಲೊವನ್ನು ಪರಿಸರ ಕಾದಂಬರಿಯ ಸಾಲಿನಲ್ಲಿಟ್ಟು ಓದಿದ್ದೇ ಹೆಚ್ಚು. ಕರ್ಣಾಟಕ ಕಾದಂಬರಿ, ಲೀಲಾವತಿಗಳ ಸಾಲಿನಲ್ಲಿಟ್ಟು ಓದಿದರೆ ಅದು ಅದ್ಭುತ ಕಥನದ ಹತ್ತು ಶತಮಾನಗಳ ಹಾದಿಯ ಮುಂದುವರಿಕೆಯಾಗಿ ಕಾಣುತ್ತದೆ. ಗಿಳಿಯೊಳಗೆ ಪುಂಡರೀಕನನ್ನು ಕಂಡ ಕಲ್ಪನೆಯೇ ಇಲ್ಲಿ ಓತಿಯೊಳಗೆ ಭೂಮಿಯ ಪ್ರಾಚೀನ ಚರಿತ್ರೆಯನ್ನು ಕಾಣುವ ಕೆಲಸಕ್ಕೆ ತೊಡಗಿದೆ.