ಹೊಲದ ಪುಸ್ತಕ, ಒಕ್ಕಲಿನ ಪುಸ್ತಕ: ರಾಮದುರ್ಗ ಸೀಮೆಯ ಉತಾರಗಳಲ್ಲಿ ಹೆಸರಿನ ತಾಳೆ

ಒಬ್ಬ ರೈತನ ಹೆಸರು ಎರಡು ಪಟ್ಟಿಗಳಲ್ಲೂ ಹಲವು ಸಲ ಬಂದಾಗ ಯಾವುದಕ್ಕೆ ಯಾವುದನ್ನು ಜೋಡಿಸಬೇಕು ಎಂಬ ಪ್ರಶ್ನೆ ಗಣಕಯಂತ್ರಕ್ಕಿಂತ ಹಳೆಯದು. ಭಾವೆ ಮನೆತನದ ಸಂಸ್ಥಾನವಾಗಿದ್ದ ರಾಮದುರ್ಗ 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆ ಪ್ರಾಂತದ ಕಂದಾಯ ಪದ್ಧತಿಯಲ್ಲಿ ಪ್ರತಿ ಊರಿಗೂ ಎರಡು ಮುಖ್ಯ ಲೆಕ್ಕಗಳಿದ್ದವು. 7-12 ನಮೂನೆ, ಅಂದರೆ ಜನ 'ಸಾತ್‌ಬಾರಾ' ಎನ್ನುವ ಉತಾರ, ಸರ್ವೆ ನಂಬರಿನ ಕ್ರಮದಲ್ಲಿತ್ತು. 8-ಅ ನಮೂನೆ ಖಾತೆದಾರನ ಕ್ರಮದಲ್ಲಿತ್ತು. ಮೂರು ಹೊಲವಿದ್ದವನ ಹೆಸರು ಮೊದಲನೆಯದರಲ್ಲಿ ಮೂರು ಕಡೆ ಬರುತ್ತದೆ. ನಾಲ್ವರು ಅಣ್ಣತಮ್ಮಂದಿರು ಬೇರೆ ಬೇರೆ ಖಾತೆ ಮಾಡಿಕೊಂಡಿದ್ದರೆ ಒಂದೇ ಸರ್ವೆ ನಂಬರು ಎರಡನೆಯದರಲ್ಲಿ ನಾಲ್ಕು ಕಡೆ ಬರುತ್ತದೆ. ಈ ಪುನರಾವರ್ತನೆ ದೋಷವಲ್ಲ, ಹಿಡುವಳಿಯ ಸ್ವರೂಪವೇ ಹಾಗೆ. ಎರಡೂ ಪುಸ್ತಕಗಳಲ್ಲಿ ಎಕರೆ-ಗುಂಟೆಯ ಮೊತ್ತ ಮತ್ತು ಆಕಾರದ, ಅಂದರೆ ಕಂದಾಯದ, ಮೊತ್ತ ಸರಿಹೊಂದಬೇಕಿತ್ತು. ಹೆಸರು ಕೈಕೊಟ್ಟಲ್ಲಿ ಮೊತ್ತ ಹಿಡಿದುಕೊಡುತ್ತಿತ್ತು. ಈ ವಿವೇಕಕ್ಕೆ ನಮ್ಮ ಇತಿಹಾಸ ಲೇಖನಗಳಲ್ಲಿ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲವೆಂದೇ ನನ್ನ ಎಣಿಕೆ.

ಹೆಸರು ಕೈಕೊಡುವುದಕ್ಕೆ ಈ ಸೀಮೆಯಲ್ಲಿ ಗಟ್ಟಿ ಕಾರಣಗಳಿವೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ಇಲ್ಲಿನ ರೂಢಿ. ಬಸಪ್ಪ ಯಲ್ಲಪ್ಪನ ಮಗ ಯಲ್ಲಪ್ಪ ಬಸಪ್ಪ. ಅವನ ಮಗ ಮತ್ತೆ ಬಸಪ್ಪ ಯಲ್ಲಪ್ಪ. ಹೆಸರು, ತಂದೆಯ ಹೆಸರು, ಅಡ್ಡಹೆಸರು, ಊರು ನಾಲ್ಕೂ ಕೂಡಿದರೂ ಇಬ್ಬರು ಬೇರೆ ಬೇರೆ ವ್ಯಕ್ತಿಗಳಾಗಿರಬಹುದು. ಇದಕ್ಕೆ ತಿರುಗುಮುರುಗಾದ ತೊಡಕೂ ಇದೆ. ಗೊಡಚಿಯ ವೀರಭದ್ರನಿಗೆ ನಡೆದುಕೊಳ್ಳುವ ಮನೆಗಳಲ್ಲಿ ಒಬ್ಬನೇ ಒಂದು ಕಾಗದದಲ್ಲಿ ವೀರಭದ್ರಪ್ಪ, ಇನ್ನೊಂದರಲ್ಲಿ ವೀರಪ್ಪ, ಮತ್ತೊಂದರಲ್ಲಿ ಈರಪ್ಪ ಆಗಬಲ್ಲ. ತವರಿನ ಆಸ್ತಿಯಲ್ಲಿ ಪಾಲು ಪಡೆದ ಹೆಣ್ಣುಮಗಳು ಉತಾರದಲ್ಲಿ ತಂದೆಯ ಹೆಸರಿನೊಂದಿಗೆ, ಬ್ಯಾಂಕಿನಲ್ಲಿ ಗಂಡನ ಹೆಸರಿನೊಂದಿಗೆ ಇರುವುದುಂಟು.

ಹೊರಗಿನ ವಿದ್ವತ್ತು ಇದನ್ನು ಇನ್ನೊಂದು ದಾರಿಯಿಂದ ಮುಟ್ಟಿತು. ಬಿಡಿಬಿಡಿ ದಾಖಲೆಗಳನ್ನು ಒಬ್ಬ ವ್ಯಕ್ತಿಗೆ ಜೋಡಿಸುವ ಕೆಲಸದ ಬಗ್ಗೆ ಅಮೆರಿಕದ ಹಾಲ್ಬರ್ಟ್ ಡನ್ 1946ರಲ್ಲಿ ಬರೆದರು. ಕೆನಡಾದ ಹೊವರ್ಡ್ ನ್ಯೂಕೊಂಬ್ 1959ರಲ್ಲಿ ಅದನ್ನು ಗಣಕಯಂತ್ರಕ್ಕೆ ಒಗ್ಗಿಸಿದರು. ಫೆಲ್ಲೆಗಿ ಮತ್ತು ಸಂಟರ್ 1969ರಲ್ಲಿ ಗಣಿತದ ತಳಹದಿ ಹಾಕಿದರು. ಅಪರೂಪದ ಹೆಸರು ಕೂಡಿದರೆ ಹೆಚ್ಚು ತೂಕ, ಸಾಮಾನ್ಯ ಹೆಸರು ಕೂಡಿದರೆ ಕಡಿಮೆ ತೂಕ ಎಂಬುದು ಅವರ ಸೂತ್ರದ ತಿರುಳು. ನಮ್ಮ ಊರುಗಳಲ್ಲಿ 'ಬಸಪ್ಪ' ಕೂಡಿದರೆ ತಿಳಿಯುವುದು ಅಲ್ಪ, ಊರಿಗೊಂದೇ ಮನೆಯಿರುವ ಅಡ್ಡಹೆಸರು ಕೂಡಿದರೆ ಬಹಳ.

ಕರ್ನಾಟಕದ ಭೂಮಿ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಉತಾರಗಳನ್ನು ಗಣಕೀಕರಿಸಿತು. ದೊಡ್ಡ ಸಾಧನೆ. ಆದರೆ ಉತಾರ ಎಂದಿನಂತೆ ಹೊಲದ ದಾಖಲೆಯಾಗಿಯೇ ಉಳಿಯಿತು. ರೈತ ಅದರಲ್ಲಿ ಬರಿಯ ಅಕ್ಷರಗಳ ಸಾಲು. 2018ರ ಬೆಳೆಸಾಲ ಮನ್ನಾದಲ್ಲಿ ಇದರ ಪರಿಣಾಮ ಎದುರಾಯಿತು. ಮೂರು ಉತಾರ, ಎರಡು ಸಾಲವಿರುವವನನ್ನು ಹೆಸರಿನಿಂದಷ್ಟೇ ಜೋಡಿಸಿದರೆ ಆರು ಸಾಲುಗಳು ಹುಟ್ಟುತ್ತವೆ. ಸಾಲದ ಮೊತ್ತ ಕೂಡಿಸಿದರೆ ನಿಜದ ಮೂರು ಪಟ್ಟು. ಮನ್ನಾದ ಮಿತಿಯಾದರೋ ಕುಟುಂಬಕ್ಕೆ ಇಷ್ಟೇ ಎಂದಿತ್ತು. ಹಾಗಾಗಿ ಆಧಾರ್‌ನಿಂದ ವ್ಯಕ್ತಿಯನ್ನು, ಪಡಿತರ ಚೀಟಿಯಿಂದ ಕುಟುಂಬವನ್ನು, ಸರ್ವೆ ನಂಬರಿನಿಂದ ಹೊಲವನ್ನು ಗುರುತಿಸಬೇಕಾಯಿತು. ಮೊದಲು ಆಯಾ ಪಟ್ಟಿಯೊಳಗಿನ ಪುನರಾವರ್ತನೆ ಬಿಡಿಸಿ, ಅನಂತರ ಪಟ್ಟಿಗೆ ಪಟ್ಟಿ ಕೂಡಿಸುವುದು: 8-ಅ ಪುಸ್ತಕ ಮಾಡುತ್ತಿದ್ದುದು ಇದನ್ನೇ.

2024ರಲ್ಲಿ ಉತಾರಗಳಿಗೆ ಆಧಾರ್ ಜೋಡಿಸುವ ಕೆಲಸ ರಾಜ್ಯದಾದ್ಯಂತ ನಡೆಯಿತು. ಬದುಕಿರುವ ಖಾತೆದಾರನ ಮಟ್ಟಿಗೆ ಅದು ಗೊಂದಲ ಬಗೆಹರಿಸುತ್ತದೆ. ವಾರಸಾ, ಅಂದರೆ ವಾರಸುದಾರರ ಹೆಸರಿನ ದಾಖಲಾತಿ, ಆಗದೆ ತೀರಿಹೋದವರ ಹೆಸರಿನಲ್ಲೇ ಉಳಿದ ಉತಾರಗಳಲ್ಲಿ ಮಾತ್ರ ಅಪಾಯವಿದೆ. ಅಜ್ಜ ಬಸಪ್ಪ ಯಲ್ಲಪ್ಪನ ಉತಾರಕ್ಕೆ ಮೊಮ್ಮಗ ಬಸಪ್ಪ ಯಲ್ಲಪ್ಪನ ಆಧಾರ್ ಅಂಟಿಕೊಂಡರೆ ಎಲ್ಲ ಅಕ್ಷರವೂ ಸರಿಯಾಗಿಯೇ ಕೂಡಿರುತ್ತದೆ, ಆದರೆ ನಡುವಿನ ತಲೆಮಾರಿನ ಚಿಕ್ಕಪ್ಪಂದಿರು, ಅತ್ತೆಯಂದಿರು ಕಾಗದದಿಂದ ಬಿಟ್ಟುಹೋಗುತ್ತಾರೆ. ಅಂಥ ಖಾತೆಗಳಲ್ಲಿ ವಾರಸಾ ಮೊದಲು ದಾಖಲಾಗಬೇಕು, ಆಧಾರ್ ಆಮೇಲೆ.