ಸಾಫ್ಟ್‌ವೇರ್ ರೂಟರ್‌ಗಳಲ್ಲಿ ರೂಟಿಂಗ್ ಟೇಬಲ್ ಶೋಧ: ವೇಗ ಮತ್ತು ಮೆಮೊರಿ

ಸಾಮಾನ್ಯ ಕಂಪ್ಯೂಟರಿನ ಪ್ರೊಸೆಸರನ್ನೇ ನೆಚ್ಚಿ ಕೆಲಸ ಮಾಡುವ ಸಾಫ್ಟ್‌ವೇರ್ ರೂಟರ್, ಪ್ರತಿ ಪ್ಯಾಕೆಟ್ಟು ತಲುಪಬೇಕಾದ ವಿಳಾಸವನ್ನು ರೂಟಿಂಗ್ ಟೇಬಲ್ಲಿನಲ್ಲಿ ಹುಡುಕಿ ಅದರ ಮುಂದಿನ ದಾರಿಯನ್ನು ನಿರ್ಧರಿಸುತ್ತದೆ. 1993ರಲ್ಲಿ ವಿಳಾಸಗಳ ವರ್ಗರಹಿತ ಹಂಚಿಕೆ ರೂಪುಗೊಂಡ ಮೇಲೆ ಈ ಶೋಧ ಜಟಿಲವಾಯಿತು. ಒಂದೇ ವಿಳಾಸಕ್ಕೆ ಬೇರೆಬೇರೆ ಉದ್ದದ ಹಲವು ಪ್ರಿಫಿಕ್ಸ್‌ಗಳು, ಅಂದರೆ ವಿಳಾಸದ ಮೊದಲ ಭಾಗದ ಬಿಟ್‌ಗಳ ಸರಣಿಗಳು, ಹೊಂದುವ ಸಾಧ್ಯತೆಯಿದ್ದು, ಅವುಗಳಲ್ಲಿ ಅತಿ ಉದ್ದದ್ದನ್ನೇ ಆರಿಸಬೇಕಾಗುತ್ತದೆ.

10 ಗಿಗಾಬಿಟ್ ಈಥರ್ನೆಟ್ಟಿನಲ್ಲಿ 64 ಬೈಟಿನ ಪ್ಯಾಕೆಟ್‌ಗಳು ಎಡೆಬಿಡದೆ ಬಂದರೆ ಅವುಗಳ ಸಂಖ್ಯೆ ಸೆಕೆಂಡಿಗೆ 1.488 ಕೋಟಿಯಾಗಿ, ಒಂದೊಂದಕ್ಕೆ ಸುಮಾರು 67 ನ್ಯಾನೊಸೆಕೆಂಡು ಮಾತ್ರ ದಕ್ಕುತ್ತದೆ. ಮುಖ್ಯ ಮೆಮೊರಿಯನ್ನು ಒಂದು ಸಲ ಮುಟ್ಟಿ ಬರಲು ಹೆಚ್ಚುಕಡಿಮೆ ಅಷ್ಟೇ ಕಾಲ ಬೇಕಾಗುವುದರಿಂದ, ಟೇಬಲ್ಲು ಪ್ರೊಸೆಸರಿನೊಳಗಿನ ಕ್ಯಾಶ್ ಎಂಬ ಕಿರಿದಾದ ವೇಗದ ಮೆಮೊರಿಯಲ್ಲಿ ಹಿಡಿಸುತ್ತದೆಯೇ ಎಂಬುದೇ ಇಲ್ಲಿ ನಿರ್ಣಾಯಕ ಪ್ರಶ್ನೆ.

ಇತ್ತೀಚೆಗೆ ಹುಡುಕಿದ ವಿಳಾಸಗಳ ಉತ್ತರವನ್ನು ಕೂಡಿಡುವ ಉಪಾಯವನ್ನು ಲಿನಕ್ಸ್ ಬಹುಕಾಲ ಅನುಸರಿಸಿತು. ಆದರೆ ಲೆಕ್ಕವಿಲ್ಲದಷ್ಟು ಭಿನ್ನ ವಿಳಾಸಗಳನ್ನು ಬೇಕೆಂದೇ ಕಳಿಸುವ ದಾಳಿಗೆ ಅದು ಸುಲಭವಾಗಿ ತುತ್ತಾಗುತ್ತಿದ್ದ ಕಾರಣ 2012ರ 3.6ನೇ ಆವೃತ್ತಿಯಲ್ಲಿ ಅದನ್ನು ಕೈಬಿಡಲಾಯಿತು. 1998ರಲ್ಲಿ ಗುಪ್ತಾ, ಲಿನ್ ಮತ್ತು ಮೆಕ್ಯೋನ್ ಅವರು ಹಾರ್ಡ್‌ವೇರಿಗೆಂದು ರೂಪಿಸಿದ ವಿಧಾನದಲ್ಲಿ ವಿಳಾಸದ ಮೊದಲ 24 ಬಿಟ್‌ಗಳೇ ನೇರ ಸೂಚ್ಯಂಕವಾಗುತ್ತವೆ, ಹೀಗಾಗಿ ಬಹುಪಾಲು ಶೋಧಗಳು ಒಂದೇ ಓದಿನಲ್ಲಿ ಮುಗಿಯುತ್ತವೆ. ಪ್ಯಾಕೆಟ್‌ಗಳನ್ನು ವೇಗವಾಗಿ ನಿರ್ವಹಿಸುವ ಸಾಫ್ಟ್‌ವೇರ್ ಸಂಗ್ರಹವಾದ ಡಿಪಿಡಿಕೆ ಇದನ್ನು ಸಾಫ್ಟ್‌ವೇರಿಗೆ ತಂದಿದೆ. ಆದರೆ ನಮೂದಿಗೆ 4 ಬೈಟಿನಂತೆ ಮೊದಲ ಟೇಬಲ್ಲೇ 64 ಮೆಗಾಬೈಟ್ ಆಗಿಬಿಡುತ್ತದೆ.

ಜಪಾನಿನ ಅಸಾಯ್ ಮತ್ತು ಒಹಾರಾ 2015ರಲ್ಲಿ ಮಂಡಿಸಿದ ಪಾಪ್‌ಟ್ರೈ ಇದಕ್ಕಿಂತ ಸೂಕ್ಷ್ಮವಾದ ಪರಿಹಾರ. ವಿಳಾಸವನ್ನು 6 ಬಿಟ್‌ಗಳಂತೆ ಓದುವ ಈ ವೃಕ್ಷದಲ್ಲಿ ಪ್ರತಿ ಗಂಟಿಗೆ 64 ಕವಲುಗಳಿಗೆ ಅವಕಾಶವಿದ್ದರೂ, ಪ್ರತಿ ಕವಲಿಗೂ ಒಂದೊಂದು ವಿಳಾಸಸೂಚಿಯನ್ನು ಇಡದೆ, ಯಾವುವು ಇವೆ ಎಂಬುದನ್ನು 64 ಬಿಟ್ಟಿನ ಒಂದೇ ಪದದಲ್ಲಿ ಗುರುತಿಸಿ, ಇರುವ ಕವಲುಗಳ ಗಂಟುಗಳನ್ನು ಮಾತ್ರ ಒತ್ತೊತ್ತಾಗಿ ಜೋಡಿಸಲಾಗುತ್ತದೆ. ಬೇಕಾದ ಗಂಟಿನ ಸ್ಥಾನವನ್ನು ಆ ಪದದಲ್ಲಿ ಅದರ ಬಿಟ್ಟಿನವರೆಗಿನ ಒಂದುಗಳನ್ನು ಎಣಿಸುವ ಪ್ರೊಸೆಸರ್ ಆದೇಶದಿಂದಲೇ ತಿಳಿಯಬಹುದು. ಓದುಗಳ ಸಂಖ್ಯೆ ಕೊಂಚ ಹೆಚ್ಚಿದರೂ ಅವು ಕ್ಯಾಶಿನೊಳಗೇ ನಡೆಯುವುದರಿಂದ ಒಟ್ಟು ವೇಗ ಹೆಚ್ಚುತ್ತದೆ. ಪ್ಯಾಕೆಟ್‌ಗಳನ್ನು ಗುಂಪಾಗಿ ಹುಡುಕಿ ಮೆಮೊರಿಯ ವಿಳಂಬವನ್ನು ಮರೆಮಾಡಬಹುದೆಂಬ ವಾದ ನಿಜವಾದರೂ, ಟೇಬಲ್ಲನ್ನು ಕಿರಿದಾಗಿಸುವುದಕ್ಕೆ ಅದು ಬದಲಿಯಲ್ಲ.

ರೂಟರಿನ ಕ್ಯಾಶನ್ನು ಪ್ಯಾಕೆಟ್ ಬಫರ್‌ಗಳೂ ಫೈರ್‌ವಾಲ್ ನಿಯಮಗಳೂ ಹಂಚಿಕೊಳ್ಳುತ್ತವೆಯಾದ್ದರಿಂದ, ಶೋಧವೊಂದನ್ನೇ ಪ್ರತ್ಯೇಕವಾಗಿ ಅಳೆದ ವೇಗವನ್ನು ರೂಟರಿನ ವೇಗವೆಂದು ಒಪ್ಪುವುದು ಸರಿಯಲ್ಲ. ಮುಂದಿನ ಅಧ್ಯಯನಗಳು ಈ ಎಲ್ಲ ಕೆಲಸಗಳೂ ನಡೆಯುತ್ತಿರುವಾಗಲೇ ಶೋಧವನ್ನು ಅಳೆಯಬೇಕು.